ಮೂಗು ಮುಚ್ಚಿಕೊಂಡ ಪ್ರೀತಿ

ಕೊಲ್ಲಾಪುರ ಸೀಮೆಯ ಗಡಹಿಂಗ್ಲಜದ ಮಿಶನ್ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಲು ಸೇರಿದಾಗ ನನಗೆ ಹತ್ತೊಂಬತ್ತು ವರ್ಷ. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಮನೆಯ ಮಾತು ಕನ್ನಡ, ಪ್ರಾರ್ಥನೆ ಮರಾಠಿ. ದೇವರಿಗೆ ಎರಡೂ ತಿಳಿಯುತ್ತವೆ ಎಂದು ಅವ್ವ ಹೇಳುತ್ತಿದ್ದಳು. ನಮ್ಮ ಕ್ರೈಸ್ತ ಸಭೆಯ ಹೆಂಗಸರು ಊರಿನ ರೋಗಿಗಳನ್ನು ಹಂಚಿಕೊಂಡು ವಾರಕ್ಕೊಮ್ಮೆ ನೋಡಿ ಬರುತ್ತಿದ್ದರು. ನನ್ನ ಪಾಲಿಗೆ ಬಂದವಳು ಒಬ್ಬ ಮುದುಕಿ. ಆಕೆಯನ್ನು ನಾನು ಆಯಿ ಎಂದು ಕರೆಯುತ್ತಿದ್ದೆ.

ಆಕೆ ಕ್ರೈಸ್ತಳಲ್ಲ. ಇಚಲಕರಂಜಿಯ ಮಗ್ಗದ ಕಾರಖಾನೆಯಲ್ಲಿ ವರ್ಷಗಟ್ಟಲೆ ಕಂಡಿಕೆಗೆ ನೂಲು ಸುತ್ತಿ ಬದುಕಿದವಳು. ಕಾಲಿಗೆ ಹುಣ್ಣಾಗಿ ನಾರತೊಡಗಿದ ಮೇಲೆ ತಂಗಿಯ ಮಗ ಆಕೆಯನ್ನು ತವರೂರಾದ ಗಡಹಿಂಗ್ಲಜಕ್ಕೆ ತಂದು ಬಿಟ್ಟು ಹೋಗಿದ್ದ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಒಬ್ಬ ಜೈನ ವ್ಯಾಪಾರಿ ತನ್ನ ಹಿತ್ತಲಿನ ಕೋಣೆ ಬಿಟ್ಟುಕೊಟ್ಟಿದ್ದ. ಅವರ ಮನೆಯಿಂದಲೇ ಎರಡು ಹೊತ್ತು ರೊಟ್ಟಿ ಹೋಗುತ್ತಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಗಂಜಿ ಒಯ್ಯುತ್ತಿದ್ದೆ. ಹೊಸ್ತಿಲ ಬಳಿಯೇ ಕೂತು, ನೀಲಗಿರಿ ಎಣ್ಣೆ ಹನಿಸಿದ ಕರವಸ್ತ್ರವನ್ನು ಮೂಗಿಗೆ ಒತ್ತಿ ಹಿಡಿದು, ನೆಗಡಿಯಾಗಿದೆ ಎಂದು ಹೇಳಿ, ಬೈಬಲಿನ ಒಂದು ಅಧ್ಯಾಯ ಓದಿ ಏಳುತ್ತಿದ್ದೆ. ಹುಣ್ಣಿನ ಬಟ್ಟೆ ಬದಲಿಸಿ ಬರಬೇಕೆಂದು ನನಗೆ ಹೇಳಿದ್ದರು. ಅದನ್ನು ಆಕೆಯೇ ಮಾಡಿಕೊಳ್ಳುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹೆಂಗಸರ ಕೂಟದಲ್ಲಿ ಮಾತ್ರ ಎದ್ದು ನಿಂತು, ಆ ಮುದುಕಿಯನ್ನು ಸ್ವಂತ ಅಜ್ಜಿಯಂತೆ ಪ್ರೀತಿಸುತ್ತೇನೆ ಎಂದೆ. ಕೆಲವರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಮರು ಭಾನುವಾರ ನಮ್ಮ ಪಾದ್ರಿಗಳು ಪ್ರೀತಿಯ ಬಗ್ಗೆಯೇ ಬೋಧಿಸಿದರು. ಬಣ್ಣ ಹಚ್ಚಿಕೊಂಡು ಆಡುವ ಆಟದಂಥ ಪ್ರೀತಿ ದೇವರಿಗೆ ಬೇಡ, ಕಪಟವಿಲ್ಲದ್ದು ಬೇಕು ಎಂದರು. ನನ್ನ ಕಡೆ ಅವರು ನೋಡಲೂ ಇಲ್ಲ. ಆದರೂ ನನ್ನ ಕಿವಿ ಬಿಸಿಯಾದವು.

ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಎಲ್ಲವನ್ನೂ ಹೇಳಿದೆ.

"ಅವ್ವಾ, ಆಯಿ ಮ್ಯಾಲೆ ನನಗ ಪ್ರೀತಿ ಇಲ್ಲ. ಹೇಸಿಕಿ ಬರ್ತೈತಿ. ಇನ್ನ ನಾ ಹೋಗೂದಿಲ್ಲ. ಹೋದ್ರ ಅದು ಕಪಟ ಆಗ್ತೈತಿ."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ನಿನಗ ಪ್ರೀತಿ ಬರೂತನಾ ಆಕಿ ಕಾಲ ಯಾರ ತೊಳೀಬೇಕ?"

"ಮತ್ತ ಪಾದ್ರಿಗೋಳು ಹೇಳಿದ್ದು?"

"ಅವ್ರು ಸುಳ್ಳ ಬಿಡು ಅಂದ್ರು. ಹೋಗೂದು ಬಿಡು ಅನ್ನಲಿಲ್ಲ."

ಮುಂದಿನ ಶನಿವಾರದವರೆಗೆ ಕಾಯಲಾಗಲಿಲ್ಲ, ಮರುದಿನವೇ ಹೋದೆ. ಕರವಸ್ತ್ರ ಕಂಡ ಕೂಡಲೇ ಮುದುಕಿ ಕೇಳಿದಳು:

"ನಿನ್ನ ನೆಗಡಿ ಇನ್ನೂ ಹೋಗಿಲ್ಲೇನ ತಂಗಿ?"

"ನೆಗಡಿ ಇಲ್ಲ ಆಯಿ. ನಿಮ್ಮ ಕಾಲಿನ ನಾತ ತಡಿಯಾಕ ಆಗೂದಿಲ್ಲ ನನಗ. ಸುಳ್ಳ ಹೇಳೀನಿ."

ಅಳುತ್ತಾಳೆ, ಇಲ್ಲವೇ ಹೊರಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಆಕೆ ನಕ್ಕಳು. "ನನಗರ ಎಲ್ಲಿ ತಡಿಯಾಕ ಆಗ್ತೈತಿ? ಬಾಯಿಲೆ ಉಸರ ತಗೋ. ನಾ ಹಂಗ ಮಾಡ್ತೇನಿ." ಕಾಲನ್ನು ನನ್ನತ್ತ ಚಾಚಿ ಹೇಳಿದಳು: "ನಮ್ಮ ಅತ್ತಿ ಹಾಸಿಗಿ ಹಿಡದಾಗ ನಾನೂ ಮಾರಿ ಗಂಟ ಹಾಕ್ಕೊಂಡ ತೊಳದೇನಿ. ಹೇಸಿಕಿ ಬಂದ್ರ ಬರ್ಲಿ. ಕೈ ಬಂದ್ರ ಸಾಕು."

ಆ ದಿನ ಮೊದಲ ಸಲ ಹುಣ್ಣಿನ ಬಟ್ಟೆ ಬಿಚ್ಚಿದೆ. ಬಿಸಿನೀರಿನಲ್ಲಿ ತೊಳೆದು ಹೊಸ ಬಟ್ಟೆ ಕಟ್ಟಿದೆ. ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದು ಗಂಜಿ ಕುಡಿಸಿದೆ. ಪ್ರೀತಿಸು ಎಂಬುದು ನಮ್ಮ ಧರ್ಮದಲ್ಲಿ ಆಜ್ಞೆ. ಮನಸ್ಸಿಗೆ ಆಜ್ಞೆ ಮಾಡುವುದು ಹೇಗೆ ಎಂದು ಚಿಕ್ಕಂದಿನಿಂದ ನನಗೆ ಬಿಡಿಸಲಾಗದ ತೊಡಕಾಗಿತ್ತು. ಮನಸ್ಸು ಕೇಳದಿದ್ದರೂ ಕೈ ಕೇಳುತ್ತದೆ ಎಂಬುದು ಆ ಕೋಣೆಯಲ್ಲಿ ತಿಳಿಯಿತು. ದಿನಾಲೂ ಹೋಗತೊಡಗಿದೆ. ಯಾವ ದಿನ ಹೇಸಿಗೆ ನಿಂತಿತೋ ನೆನಪಿಲ್ಲ. ಪೂರ್ತಿ ನಿಂತಿತೆಂದೂ ಹೇಳಲಾರೆ.

ಹುಣ್ಣು ಎಲುಬಿಗೆ ಇಳಿದಿದೆ, ಕೊಲ್ಲಾಪುರಕ್ಕೆ ಒಯ್ಯಿರಿ ಎಂದು ದವಾಖಾನೆಯ ಕಂಪೌಂಡರ್ ಹೇಳಿದಾಗ ನಾನೇ ರಜೆ ಹಾಕಿ ಹೊರಟೆ. ವ್ಯಾಪಾರಿಯ ಆಳು ಮುದುಕಿಯನ್ನು ಎತ್ತಿ ಪ್ರಯಾಣಿಕರ ಮೋಟಾರಿನಲ್ಲಿ ಕೂಡಿಸಿದ. ಕಾಲು ಇಳಿಬಿಟ್ಟರೆ ನೋವು. ಅದನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಮೋಟಾರು ಹೊರಟು ಸ್ವಲ್ಪ ಹೊತ್ತಿಗೆ ಎದುರು ಕೂತಿದ್ದ ರುಮಾಲಿನವರೊಬ್ಬರು ಡ್ರೈವರನನ್ನು ಕೂಗಿದರು.

"ಈ ಮುದುಕೀನ ಇಳಸ್ರಿ. ಇದರಾಗ ಕೂಡಾಕ ಆಗವಲ್ದು."

"ನಾತ ಐತ್ರಿ, ಖರೆ," ಎಂದೆ. "ನನಗೂ ಬರಾಕತ್ತೈತಿ. ಕೊಲ್ಲಾಪುರಕ್ಕ ಒಯ್ಯಲಿಲ್ಲಂದ್ರ ಆಯಿ ಉಳಿಯೂದಿಲ್ರಿ."

ಅವರು ಮುದುಕಿಯ ಮುಖವನ್ನು ನೋಡಿದರು, ನನ್ನನ್ನು ನೋಡಿದರು. ದಾರಿಯಲ್ಲಿ ಕಾಗಲ ಊರು ದಾಟುವಾಗ ಎದ್ದು, ಗಾಳಿ ಬರುವ ತಮ್ಮ ಜಾಗವನ್ನು ಆಕೆಗೆ ಬಿಟ್ಟುಕೊಟ್ಟರು.

ದೊಡ್ಡ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಎಚ್ಚರವಾದ ಮೇಲೆ ಆಕೆ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಹೇಳದೆ ಕೇಳದೆ ಕಾಲು ತೆಗೆಸಿದೆ ಎಂದು ಎರಡು ದಿನ ನನ್ನ ಕೈಯ ನೀರು ಕುಡಿಯಲಿಲ್ಲ. ಡಾಕ್ಟರು ಹೇಳಿದ್ದರು, ಆಕೆ ಹೂಂ ಎಂದಿದ್ದಳು. ಜ್ವರದಲ್ಲಿ ಯಾವುದೂ ನೆನಪಿರಲಿಲ್ಲ. ಮೂರನೆಯ ದಿನ ತಾನೇ ನೀರು ಕೇಳಿದಳು. ನಾನು ಬರೆದ ಕಾರ್ಡು ಕಂಡು ತಂಗಿಯ ಮಗ ಬಂದ. ತಲೆ ತಗ್ಗಿಸಿ ನಿಂತವನಿಗೆ ಆಕೆ, "ಊಟ ಮಾಡೀಯೇನೋ?" ಎಂದು ಮಾತ್ರ ಕೇಳಿದಳು. ಗಾಯ ಮಾಗಿದ ಮೇಲೆ ಅವನೇ ಇಚಲಕರಂಜಿಗೆ ಕರೆದೊಯ್ದ.

ನನ್ನ ಮದುವೆಯಾಯಿತು, ಯುದ್ಧ ಬಂತು, ಎಣ್ಣೆ ಬಟ್ಟೆಗಳಿಗೆಲ್ಲ ಬರ ಬಂತು. ನಾನು ಇಚಲಕರಂಜಿಗೆ ಹೋದದ್ದು ಮಗಳು ಹುಟ್ಟಿದ ಮೇಲೆ, ಅವಳನ್ನು ಎತ್ತಿಕೊಂಡೇ. ಮಗ್ಗದ ಸದ್ದು ಗೋಡೆ ದಾಟಿ ಬರುವ ಒಂದು ಕೋಣೆಯಲ್ಲಿ ಮುದುಕಿ ನೆಲದ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದಳು. ನನ್ನನ್ನು ಗುರುತಿಸಿದಳು, ಆದರೆ ಕೈ ನಿಲ್ಲಿಸಲಿಲ್ಲ.

"ಯಾಕ ಆಯಿ, ಮಾತಾಡೂದಿಲ್ಲೇನ?"

"ಸಿಟ್ಟ ಬಂದೈತಿ ನನಗ. ಇಷ್ಟ ವರ್ಷ ಒಂದ ಕಾರ್ಡೂ ಇಲ್ಲ. ಮುದುಕಿ ಸತ್ತಾಳ ಅಂತ ತಿಳದಿದ್ದಿ?"

ಏನೇನೋ ನೆಪ ಬಾಯಿಗೆ ಬಂದವು. ನುಂಗಿಕೊಂಡು, "ಮರತಿದ್ನಿ ಆಯಿ. ತಪ್ಪಾತು," ಎಂದೆ.

ಆಕೆ ಕೈಯಲ್ಲಿದ್ದ ಕಂಡಿಕೆ ಮುಗಿಸಿ ಬುಟ್ಟಿಗೆ ಹಾಕಿದಳು. ಸೆರಗಿಗೆ ಅಂಟಿದ್ದ ನೂಲಿನ ಎಳೆಗಳನ್ನು ಕೊಡವಿದಳು. "ಕೂಸಿನ ಕೊಡ ಇಲ್ಲೆ," ಎಂದು ಎರಡೂ ಕೈ ಚಾಚಿದಳು.