ನೀಲಿ ಬಂದ ಬಾಟಲಿ

ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಹೆಂಗಸನ್ನು ಎಲ್ಲರೂ ಮಣ್ಣಮ್ಮ ಅಂತಲೇ ಕರೆಯುತ್ತಾರೆ. ಎಡಗೈಯಲ್ಲಿ ಮೂರೇ ಬೆರಳು. ಯಂತ್ರಕ್ಕೆ ಸಿಕ್ಕಿತೇ ಎಂದು ಹೊಸಬರು ಕೇಳಿದರೆ, ಇಲ್ಲ, ಅಣ್ಣನ ಮಚ್ಚಿಗೆ ಅನ್ನುತ್ತಾಳೆ.

ಸಾಕಿದವನೂ ಅದೇ ಅಣ್ಣ. ಅಪ್ಪ ಅಮ್ಮ ಒಂದೇ ಜ್ವರದಲ್ಲಿ ಹೋದಾಗ ಅವಳಿಗೆ ಏಳು, ಅವನಿಗೆ ಹದಿನೇಳು. ಮರ ಕಡಿಯುವ ಕೂಲಿಗೆ ಹೋಗಿ ಅವಳನ್ನು ಓದಿಸಿದ. ಲೆಕ್ಕ ತಪ್ಪಿದರೆ ಕಪಾಳಕ್ಕೆ ಏಟು, ಮೈ ಬಿಸಿಯಾದರೆ ಹಣೆಗೆ ಒದ್ದೆ ಬಟ್ಟೆ, ಎರಡೂ ಒಂದೇ ಕೈ. ಶಾಲೆಯ ದಾರಿಯಲ್ಲಿ ಅವಳನ್ನು ಗೋಳುಹೊಯ್ದುಕೊಂಡವನ ಮೂರು ಹಲ್ಲು ಉದುರಿಸಿ ಬಂದವನು, ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳಿಗೂ ಎರಡು ಬಿಗಿದಿದ್ದ. ಅವಳು ದೊಡ್ಡವಳಾಗಿ ಸರಕಾರಿ ಕೆಲಸ ಹಿಡಿದರೂ ಆ ಹೆದರಿಕೆ ಮಾತ್ರ ಮೈಬಿಟ್ಟು ಹೋಗಲಿಲ್ಲ.

ಕೆಲಸ ಕಣ್ಣಿನದು. ಮಣ್ಣನ್ನು ಜರಡಿ ಹಿಡಿದು, ದ್ರಾವಣದಲ್ಲಿ ಅಲುಗಾಡಿಸಿ, ಸೋಸಿ, ಬಣ್ಣ ಬರಿಸುವ ಔಷಧಿ ಹಾಕಿದರೆ ಬಾಟಲಿಯಲ್ಲಿ ನೀಲಿ ಏರುತ್ತದೆ. ನೀಲಿ ಗಾಢವಾದಷ್ಟೂ ಮಣ್ಣಿನಲ್ಲಿ ರಂಜಕ ಹೆಚ್ಚು. ಬೇರು ಇಳಿಯಲು, ಕಾಳು ಕಟ್ಟಲು ರಂಜಕ ಬೇಕೇ ಬೇಕು. ಪ್ರತಿ ಸಲವೂ ಮಣ್ಣೇ ಇಲ್ಲದ ಒಂದು ಬರೀ ಬಾಟಲಿಗೂ ಔಷಧಿ ಹಾಕಿ ನೋಡುವುದು ಕ್ರಮ. ಅದರಲ್ಲೂ ನೀಲಿ ಬಂದರೆ ಬಾಟಲಿಯೇ ಶುದ್ಧವಿಲ್ಲ ಎಂದರ್ಥ.

ಒಂದು ದಿನ ಅಣ್ಣ ಮಳೆಕಾಡಿನ ಕೆಂಪು ಮಣ್ಣನ್ನು ಚೀಲದಲ್ಲಿ ತಂದು ಮೇಜಿನ ಮೇಲೆ ಕುಕ್ಕಿದ. ನಾಲ್ಕು ಜನ ತಬ್ಬಿದರೂ ಸಾಲದ ಮರಗಳನ್ನು ಬೆಳೆಸಿದ ನೆಲ ಬಂಗಾರವಲ್ಲದೆ ಇನ್ನೇನು ಎಂಬುದು ಅವನ ವಾದ. ಆ ಕಾಡು ಕಡಿದು ಹೊಲ ಮಾಡಲು ಹನ್ನೊಂದು ಮನೆಯವರು ಅವನ ಮಾತಿಗೆ ಕಾದು ಕೂತಿದ್ದರು. ಆ ವಾರ ಬಾಟಲಿ ತೊಳೆಯುವ ಆಮ್ಲ ಮುಗಿದು, ಅವಳು ಬಟ್ಟೆ ಒಗೆಯುವ ಸೋಪಿನ ಪುಡಿಯಲ್ಲೇ ತೊಳೆದಿದ್ದಳು. ಬರೀ ಬಾಟಲಿಗೆ ಕೈ ಹಾಕಿದಾಗ ಅಣ್ಣ ಮೇಜಿಗೆ ಗುದ್ದಿ, ಖಾಲಿ ಬಾಟಲಿ ನೋಡುವುದಕ್ಕೆ ಬಂದಿದ್ದೇನಾ ಎಂದು ಗದರಿದ. ಅವಳು ಅದನ್ನು ಬಿಟ್ಟಳು. ಮಣ್ಣಿನ ಬಾಟಲಿಯಲ್ಲಿ ಶಾಯಿಯಂಥ ನೀಲಿ ಬಂತು. ರಂಜಕ ಅತಿ ಹೆಚ್ಚು ಎಂದು ಬರೆದು ಮೊಹರು ಒತ್ತಿದಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅವರು. ಗರಗಸದ ಯಂತ್ರಗಳು ಕಾಡಿಗೆ ನುಗ್ಗಿದವು. ಒಂದೊಂದು ಮರವೂ ಹತ್ತು ಮರಗಳ ರೆಂಬೆ ಮುರಿದುಕೊಂಡೇ ಬಿತ್ತು. ಒಂದು ಮರ ದಿಕ್ಕು ತಪ್ಪಿ ಉರುಳಿ ಒಬ್ಬನ ಸೊಂಟ ಪುಡಿ ಮಾಡಿತು. ಅವನನ್ನು ಬದಿಗೆ ಮಲಗಿಸಿ ಉಳಿದವರು ಕಡಿಯುತ್ತಲೇ ಹೋದರು. ಆಮೇಲೆ ಬೆಂಕಿ ಇಟ್ಟರು. ಓಡಲಾರದ ಪ್ರಾಣಿಗಳೆಲ್ಲ ಅಲ್ಲೇ ಬೆಂದವು, ಆ ವಾಸನೆ ವಾರಗಟ್ಟಲೆ ಅವರ ಬಟ್ಟೆಯಿಂದ ಹೋಗಲಿಲ್ಲ.

ಮೊದಲ ಮರಕ್ಕೆ ಗರಗಸ ಇಡುವಾಗಲೇ ಅಡ್ಡ ಬಂದಿದ್ದವನು ಕಾಡಿನ ಕಾವಲುಗಾರ ಒಬ್ಬನೇ, ಒಣಕಲು ಮನುಷ್ಯ. ತರಗೆಲೆಯ ಹಾಸನ್ನು ಚಾಪೆಯ ಹಾಗೆ ಎತ್ತಿ ತೋರಿಸಿದ. ಬೇರುಗಳೆಲ್ಲ ಇಲ್ಲೇ ಮೇಲೆ ಹೆಣೆದುಕೊಂಡಿವೆ, ಉದುರಿದ ಎಲೆ ಕೊಳೆಯುತ್ತಿದ್ದ ಹಾಗೇ ಮರ ತನ್ನ ಸತ್ವವನ್ನು ತಾನೇ ವಾಪಸು ಎಳೆದುಕೊಳ್ಳುತ್ತದೆ, ಕೆಳಗಿನ ಕೆಂಪು ಮಣ್ಣಿಗೆ ಏನೂ ಬಿಡುವುದಿಲ್ಲ, ಬಿಟ್ಟ ಚೂರನ್ನೂ ಮಣ್ಣಿನ ಕಬ್ಬಿಣ ಕಚ್ಚಿ ಹಿಡಿಯುತ್ತದೆ ಎಂದ. ಅಣ್ಣ ಮೊಹರಿನ ಕಾಗದವನ್ನು ಅವನ ಮೂಗಿಗೆ ಹಿಡಿದು, ಎದೆಗೆ ಒದ್ದು ಕೆಡವಿದ.

“ನೋಡ್ತಾ ಇರಿ, ಈ ನೆಲ ನಿಮಗೆ ಒಂದು ಕಾಳೂ ಕೊಡಲ್ಲ” ಅಂದ ಕಾವಲುಗಾರ, ಮೈ ಕೊಡವಿಕೊಂಡು ಏಳುತ್ತ. ಪಾಪ, ಆ ಮಾತೇ ಅವನಿಗೆ ಉರುಳಾಯಿತು.

ಬೂದಿಯ ಬಲಕ್ಕೆ ಮೊದಲ ವರ್ಷ ಮೆಕ್ಕೆಜೋಳ ಆಳುದ್ದ ಬಂತು. ಎರಡನೆಯ ವರ್ಷ ಸೊಂಟದವರೆಗೆ. ಮೂರನೆಯ ವರ್ಷ ಮೊಣಕಾಲಿಗೇ ನಿಂತು, ಎಲೆಯೆಲ್ಲ ನೇರಳೆಗೆ ತಿರುಗಿ, ತೆನೆಯಲ್ಲಿ ಹಲ್ಲು ಬಿದ್ದ ಬಾಯಂತೆ ಅಲ್ಲೊಂದು ಇಲ್ಲೊಂದು ಕಾಳು. ಅಣ್ಣ ಮತ್ತೆ ಮಣ್ಣು ಕಳಿಸಿದ.

ಸೋಮವಾರ ಮಧ್ಯಾಹ್ನ ಅವಳು ಆಮ್ಲದಲ್ಲಿ ತೊಳೆದ ಬಾಟಲಿಯಲ್ಲಿ ಪರೀಕ್ಷೆ ಮಾಡಿದಳು. ನೀಲಿಯೇ ಬರಲಿಲ್ಲ. ಕಪಾಟಿನಲ್ಲಿ ಉಳಿದಿದ್ದ ಮೂರು ವರ್ಷದ ಹಿಂದಿನ ಮಣ್ಣನ್ನು ಹುಡುಕಿ ತೆಗೆದು ಮಾಡಿದಳು. ಅದರಲ್ಲೂ ಇಲ್ಲ. ಕೊನೆಗೆ ಖಾಲಿ ಬಾಟಲಿಯೊಂದನ್ನು ಸೋಪಿನ ಪುಡಿಯಲ್ಲಿ ತೊಳೆದು ಔಷಧಿ ಹಾಕಿದಳು. ಶಾಯಿಯಂಥ ನೀಲಿ ಏರಿತು. ಸೋಪಿನೊಳಗಿನ ರಂಜಕವನ್ನು ತಾನು ಕಾಡಿನ ತಲೆಗೆ ಕಟ್ಟಿದ್ದೆ ಎಂದು ಅವಳಿಗೆ ಆಗ ತಿಳಿಯಿತು.

ಮಂಗಳವಾರ ಅಣ್ಣನೇ ಬಂದ. ನಂಬಿ ಬಂದ ಹನ್ನೊಂದು ಮನೆಯವರು ಅವನ ಮೇಲೇ ತಿರುಗಿಬಿದ್ದಿದ್ದರು. ಯಾರೋ ಎಸೆದ ಕಲ್ಲಿಗೆ ಹುಬ್ಬು ಒಡೆದು ರಕ್ತ ಹೆಪ್ಪುಗಟ್ಟಿತ್ತು.

“ಆ ಕಾವಲುಗಾರನೇ ನೆಲಕ್ಕೆ ವಿಷ ಹಾಕಿದಾನೆ. ಒಂದು ಕಾಳೂ ಬರಲ್ಲ ಅಂತ ಅವನೇ ಹೇಳಿದ್ನಲ್ಲ. ನಾಳೆ ಬೆಳಗ್ಗೆ ಅವನಿಗೆ ಇದೆ. ನಿನ್ನ ಬಾಟಲಿ ಏನನ್ನುತ್ತೆ?”

“ಇನ್ನೂ ಬಣ್ಣ ಬಂದಿಲ್ಲ ಅಣ್ಣ” ಅಂದುಬಿಟ್ಟಳು.

ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ, ಅವನ ಕೈಯ ಭಯ ಇನ್ನೊಂದು ಕಡೆ. ಅಣ್ಣನದು ಬರೀ ಬಾಯಿ, ಬೆಳಗಾದರೆ ತಣ್ಣಗಾಗುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಮೂರು ಹಲ್ಲು ಉದುರಿದ್ದನ್ನು ಕಣ್ಣಾರೆ ಕಂಡವಳು ಅದನ್ನು ಹೇಗೆ ನಂಬಿಯಾಳು?

ಬುಧವಾರ ಬೆಳಗ್ಗೆ, ಕಾವಲುಗಾರನನ್ನು ಎಳೆದೊಯ್ದರು ಎಂಬ ಸುದ್ದಿ ಕಚೇರಿಯ ಬಾಗಿಲಿಗೇ ಬಂತು. ಬಿದ್ದೆನೋ ಎದ್ದೆನೋ ಎಂದು ಕಾಡು ಕಡಿದ ಗುಡ್ಡ ಹತ್ತಿದಳು. ಸುಟ್ಟ ಮರದ ಬುಡಕ್ಕೆ ಅವನನ್ನು ಕಟ್ಟಿ ಗುದ್ದಲಿಯ ಕಾವಿನಿಂದ ಬಡಿಯುತ್ತಿದ್ದರು. ಸೊಂಟ ಮುರಿದವನೂ ಊರುಗೋಲಿನಿಂದ ಬಾರಿಸುತ್ತಿದ್ದ. ಕಾವಲುಗಾರನ ಮುಖದಲ್ಲಿ ಮೂಗು ಯಾವುದು ಬಾಯಿ ಯಾವುದು ತಿಳಿಯುತ್ತಿರಲಿಲ್ಲ. ಮಚ್ಚು ಅಣ್ಣನ ಕೈಯಲ್ಲಿತ್ತು. ಅವಳು ನಡುವೆ ನುಗ್ಗಿದಳು.

“ತಪ್ಪು ನಂದು ಅಣ್ಣ. ಅದು ಸೋಪಿನ ನೀಲಿ. ಈ ಮಣ್ಣಲ್ಲಿ ಮೊದಲಿಂದಲೂ ಏನೂ ಇರಲಿಲ್ಲ.”

ಎತ್ತಿದ ಮಚ್ಚು ಇಳಿಯಿತು. ಇಳಿದದ್ದು ಯಾರ ಮೇಲೆ ಎಂದು ಅಣ್ಣನಿಗೂ ಗೊತ್ತಿರಲಿಕ್ಕಿಲ್ಲ. ಅವಳು ಕೈ ಅಡ್ಡ ಹಿಡಿದಳು, ಎರಡು ಬೆರಳು ಕೆಂಪು ಮಣ್ಣಿಗೆ ಬಿದ್ದವು. ಜನ ದಿಕ್ಕಾಪಾಲಾದರು. ಅಣ್ಣ ತನ್ನ ಅಂಗಿ ಹರಿದು ಅವಳ ಕೈಗೆ ಸುತ್ತುತ್ತ, ಅಳುತ್ತ, ಬಾಯಿಗೆ ಬಂದ ಹಾಗೆ ಬೈಯುತ್ತಲೇ ಇದ್ದ. ಸಂಜೆಯೊಳಗೆ ಪೊಲೀಸರು ಅವನನ್ನು ಕರೆದೊಯ್ದರು.

ಯಾವಾಗ ಗೊತ್ತಾಯಿತು ಎಂದು ಪೊಲೀಸರು ಕೇಳಿದಾಗ ಬುಧವಾರ ಬೆಳಗ್ಗೆ ಎಂದಳು. ಕಚೇರಿಯಲ್ಲೂ ಅದನ್ನೇ ಬರೆದುಕೊಟ್ಟಳು. ಯಾರಿಗೂ ಅನುಮಾನ ಬರಲಿಲ್ಲ.

ಹತ್ತು ದಿನ ಬಿಟ್ಟು ಆಸ್ಪತ್ರೆಯಲ್ಲಿ ಕಾವಲುಗಾರ ಅವಳನ್ನು ಕರೆಸಿದ. ಎಡಗಣ್ಣು ಹೋಗಿತ್ತು, ದವಡೆಗೆ ತಂತಿ ಬಿಗಿದಿದ್ದರು. ಹಲ್ಲುಗಳ ನಡುವಿನಿಂದಲೇ, ನೀವು ಓಡಿ ಬರದಿದ್ದರೆ ನಾನು ಉಳಿಯುತ್ತಿರಲಿಲ್ಲ ತಾಯಿ ಎಂದು ಕೈ ಮುಗಿದ. ಅವಳಿಗೆ ಆ ಕೈಗಳನ್ನು ನೋಡಲಾಗಲಿಲ್ಲ. ಬೈದಿದ್ದರೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳೋ ಏನೋ.

“ನನಗೆ ಸೋಮವಾರವೇ ಗೊತ್ತಾಗಿತ್ತು” ಅಂದಳು.

ಅವನು ಮುಗಿದ ಕೈ ಬಿಡಿಸಿ ಹೊದಿಕೆಯ ಮೇಲಿಟ್ಟ.

“ಮಂಗಳವಾರ ನನಗೆ ಎರಡು ಕಣ್ಣಿದ್ವು” ಅಂದ.