ಮುದ್ದೆಯೊಳಗೆ ಬಚ್ಚಿಟ್ಟ ಮಾತ್ರೆ

ನನ್ನ ತಂಗಿ ಮಂಡ್ಯದ ಆಸ್ಪತ್ರೆಯೊಂದರ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಇಪ್ಪತ್ತಮೂರು ದಿನ ಇದ್ದಳು. ಜೊತೆಗೆ ನಾನೂ ಇದ್ದೆ. ಆ ದಿನಗಳಲ್ಲಿ ಒಬ್ಬ ನರ್ಸಮ್ಮನ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಬೆಸಗರಹಳ್ಳಿಯಲ್ಲಿ ನಾನು ಅಂಗನವಾಡಿ ನಡೆಸುತ್ತೇನೆ. ಎಂಥ ಹಟಮಾರಿ ಮಗುವಾದರೂ ನನ್ನ ಕೈಯಲ್ಲಿ ನಾಲ್ಕು ತುತ್ತು ತಿನ್ನದೆ ಏಳುವುದಿಲ್ಲ ಎಂದು ತಾಯಂದಿರು ಹೇಳುವುದುಂಟು. ಆದರೆ ತಂಗಿಗೆ ಮಾತ್ರೆ ನುಂಗಿಸುವುದು ನನ್ನಿಂದ ಆಗುತ್ತಿರಲಿಲ್ಲ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅವಳ ಕಿವಿಯಲ್ಲಿ ಯಾರೋ ಮಾತಾಡತೊಡಗಿದ್ದರು. ಗಂಡನ ಮನೆಯವರು ತಂದು ಬಿಟ್ಟುಹೋದರು. ಅಲ್ಲಿಂದ ಆರು ವರ್ಷ ಅವಳಿಗೆ ಸ್ನಾನ ಮಾಡಿಸಿದವಳು, ತಲೆ ಬಾಚಿದವಳು, ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡಾಗ ಹುಡುಕಿ ತಂದವಳು ನಾನೇ. ಮಾತ್ರೆ ಬಾಯಿಗಿಟ್ಟರೆ ತಂಗಿ ಉಗಿಯುತ್ತಿದ್ದಳು. ಅದಕ್ಕೆ ಪುಡಿ ಮಾಡಿ ಮುದ್ದೆಯೊಳಗೆ ಇಟ್ಟು ಕೊಡುತ್ತಿದ್ದೆ. ಕೊನೆಕೊನೆಗೆ ಮುದ್ದೆಯನ್ನೂ ಮುಟ್ಟದಾದಳು. "ಇಸ ಇಕ್ಕವ್ಳೆ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಊಟ ಬಿಟ್ಟು ನಿತ್ರಾಣಳಾದ ಮೇಲೆಯೇ ಮಂಡ್ಯಕ್ಕೆ ಕರೆತಂದದ್ದು.

ಆ ನರ್ಸಮ್ಮ ಮಂಡ್ಯದ್ದೇ ಗುತ್ತಲಿನವಳು, ಮೆಕ್ಯಾನಿಕ್ ಒಬ್ಬರ ಮಗಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಮೊದಲ ದಿನವೇ ಮಂಚದ ಮುಂದೆ ಸ್ಟೂಲು ಎಳೆದು ಕೂತು, ಮಾತ್ರೆಯನ್ನು ಅಂಗೈ ಮೇಲಿಟ್ಟು ತೋರಿಸಿದಳು.

"ಇದು ಕಿವೀಲಿ ಬರೋ ಮಾತು ಕಮ್ಮಿ ಮಾಡೋಕೆ. ಬಾಯಿ ಒಣಗುತ್ತೆ, ನಿದ್ದೆ ಬರುತ್ತೆ. ಈಗ ಬೇಡ ಅಂದ್ರೆ ಅರ್ಧ ಗಂಟೆ ಬಿಟ್ಟು ಮತ್ತೆ ಬರ್ತೀನಿ."

ಎರಡು ದಿನ ತಂಗಿ ಮುಖ ತಿರುಗಿಸಿದಳು. ಮೂರನೆಯ ದಿನ ಕೈ ಚಾಚಿದಳು.

ನಾನು ಸಂತೋಷಪಡಬೇಕಿತ್ತು. ಬದಲಿಗೆ ಒಣಮೆಣಸಿನಕಾಯಿಯ ಘಾಟು ಎದೆಗೆ ಹೊಕ್ಕಂತಾಯಿತು. ಅಂದಿನಿಂದ ತಂಗಿಯ ಕಣ್ಣು ಬಾಗಿಲ ಮೇಲೇ. ನಾನು ಬಾಚಣಿಗೆ ಹಿಡಿದರೆ "ನೀ ಬುಡಕ್ಕ, ಅವ್ರು ಬತ್ತಾರೆ" ಅನ್ನುತ್ತಿದ್ದಳು. ಅದು ರಂಜಾನ್ ತಿಂಗಳು. ನರ್ಸಮ್ಮ ತಾನು ಹನಿ ನೀರು ಮುಟ್ಟದೆ ತಂಗಿಗೆ ಇಡ್ಲಿ ಮುರಿದು ಕೊಡುತ್ತಿದ್ದಳು. ಅದನ್ನೂ ನನ್ನಿಂದ ಸಹಿಸಲಾಗಲಿಲ್ಲ. ಒಳ್ಳೆಯತನದಲ್ಲೂ ಇವಳು ನನ್ನನ್ನು ಮೀರಿಸಬೇಕೇ ಅನ್ನಿಸುತ್ತಿತ್ತು.

ಒಂದು ದಿನ ನರ್ಸಮ್ಮ ಜಡೆ ಹಾಕುತ್ತಿದ್ದಾಗ ತಂಗಿ ನಕ್ಕಳು. ಆರು ವರ್ಷದಲ್ಲಿ ನನ್ನೆದುರು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ನರ್ಸಮ್ಮ ಡ್ಯೂಟಿ ಮುಗಿಸಿ ಹೋದ ಮೇಲೆ ತಂಗಿಯ ಪಕ್ಕ ಕೂತು ಮೆಲ್ಲಗೆ ಹೇಳಿದೆ: "ಅವ್ಳಿಗೆ ಸಂಬ್ಳ ಕೊಡ್ತಾರೆ ಕಣೆ, ಅದ್ಕೇ ನಿನ್ನ ಮಾತಾಡುಸ್ತಾಳೆ. ನಾಳೀಕೆ ಈ ಮಂಚಕ್ಕೆ ಇನ್ನೊಬ್ಳು ಬಂದ್ರೆ ನೀನ್ಯಾರು ಅಂತಾಳೆ."

ತಂಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಬೆಳಿಗ್ಗೆ ಮಾತ್ರೆಯನ್ನು ನರ್ಸಮ್ಮನ ಬಟ್ಟೆಯ ಮೇಲೆ ಉಗಿದಳು. ತಿಂಡಿಯ ತಟ್ಟೆ ತಳ್ಳಿದಳು. ಆಮೇಲೆ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ನನ್ನೆದುರೇ ಒಪ್ಪಿಸಿದಳು. ನಾನು ಕಿಟಕಿಯ ಸರಳು ಹಿಡಿದು ನಿಂತೆ.

ನರ್ಸಮ್ಮ ನನ್ನತ್ತ ನೋಡಲಿಲ್ಲ. "ನಿಮ್ಮಕ್ಕ ಹೇಳಿದ್ದು ನಿಜ. ನಂಗೆ ಸಂಬಳ ಬರುತ್ತೆ, ಎರಡು ಗಂಟೆಗೆ ಮನೆಗೆ ಹೋಗ್ತೀನಿ. ಆದ್ರೆ ಇಲ್ಲಿರೋವರ್ಗೂ ನಿಮ್ಗೆ ಸುಳ್ಳು ಹೇಳಲ್ಲ" ಎಂದಳು.

ತಂಗಿ ಅವಳ ಕಡೆ ತಿರುಗಿ, "ಅಕ್ಕ ಮುದ್ದೇಲಿ ಮಡಗ್ತಿದ್ಲು. ನಂಗೆ ಗೊತ್ತಾಯ್ತಿತ್ತು" ಅಂದಳು.

ಹೊರಗೆ ಪಡಸಾಲೆಯಲ್ಲಿ ನಾನು ನರ್ಸಮ್ಮನ ಮುಂದೆ ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು: "ನಾನು ಆರು ಗಂಟೆ ನೋಡ್ಕೊಂಡು ಮನೆಗೆ ಹೋಗಿ ಮಲಗ್ತೀನಿ. ನೀವು ಆರು ವರ್ಷದಿಂದ ಡ್ಯೂಟಿ ಇಳ್ದಿಲ್ಲ. ಕೋಪ ಬರೋದು ಸಹಜ. ನಾಳೆಯಿಂದ ಮಾತ್ರೆ ನೀವೇ ಕೊಡಿ, ತೋರ್ಸಿ ಕೊಡಿ."

ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ಅಂಗೈ ಮೇಲೆ ಮಾತ್ರೆ ಇಟ್ಟುಕೊಂಡು ತಂಗಿಯ ಮುಂದೆ ಕೂತೆ. "ಮುದ್ದೇಲಿ ಇಕ್ಕಿದ್ದು ತಪ್ಪಾಯ್ತು ಕಣವ್ವ. ಇನ್ನು ಇಕ್ಕಾಕಿಲ್ಲ" ಎಂದೆ. ನಾಲ್ಕು ದಿನ ಅವಳು ನರ್ಸಮ್ಮನ ಕೈಯಿಂದಲೇ ಬೇಕೆಂದಳು. ಐದನೆಯ ದಿನ ನನ್ನ ಕೈಯಿಂದ ತೆಗೆದುಕೊಂಡಳು, ಆದರೆ ನುಂಗುವ ಮುಂಚೆ ಬಾಗಿಲಲ್ಲಿ ನಿಂತಿದ್ದ ನರ್ಸಮ್ಮನ ಮುಖ ನೋಡಿದಳು.

ಈಗ ಎರಡು ವರ್ಷವಾಯಿತು. ತಂಗಿ ತನ್ನ ಮಾತ್ರೆ ತಾನೇ ತೆಗೆದುಕೊಳ್ಳುತ್ತಾಳೆ. ಬೆಳಿಗ್ಗೆ ಅಂಗನವಾಡಿಗೆ ಬಂದು ಮಕ್ಕಳ ಕೈ ತೊಳೆಸುತ್ತಾಳೆ. ಒಮ್ಮೊಮ್ಮೆ ಕಿವಿಯಲ್ಲಿ ಮಾತು ಬರುತ್ತದೆ, ಬಂದರೆ ನನಗೆ ಹೇಳುತ್ತಾಳೆ.

ಹೋದ ತಿಂಗಳು ಮಾತ್ರೆಗೆಂದು ಮಂಡ್ಯಕ್ಕೆ ಹೋದಾಗ, ಆ ನರ್ಸಮ್ಮ ಕೆಲಸ ಬದಲಿಸಿ ಮಳವಳ್ಳಿಯ ಆಸ್ಪತ್ರೆಗೆ ಹೋದಳೆಂದು ತಿಳಿಯಿತು. ತಂಗಿಯ ಕಣ್ಣು ತುಂಬಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ, "ಮಳವಳ್ಳಿಗೆ ಬಸ್ಸು ಎಷ್ಟೊತ್ಗೆ ಐತಕ್ಕ?" ಎಂದಳು.

ಮುಂದಿನ ಭಾನುವಾರ ಮದ್ದೂರಿನಲ್ಲಿ ಬಸ್ಸು ಬದಲಿಸಿ ಇಬ್ಬರೂ ಹೋದೆವು. ನರ್ಸಮ್ಮ ಹೊರಗೆ ಬಂದು ತಂಗಿಯ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಕಟ್ಟೆಯ ಮೇಲೆ ಕೂತು ಮಾತಿಗಿಳಿದರು. ನಾನು ಬಾಳೆಹಣ್ಣಿನ ಚೀಲ ಹಿಡಿದು ಗೇಟಿನ ಹತ್ತಿರ ನಿಂತೆ. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಬಸ್ಸಿನ ಹೊತ್ತು ಮೀರುತ್ತಿದ್ದರೂ ತಂಗಿಯನ್ನು ಕರೆಯಲಿಲ್ಲ.