ದೋಣಿಗೆ ಮರಳಿದ ತಾವ್‌ಹುವಾ

ನೆಲದ ಮೇಲೆ ಬದುಕಿದಷ್ಟು ಕಾಲವೂ ತಾವ್‌ಹುವಾಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಮಂಚ ಅಲ್ಲಾಡುವುದಿಲ್ಲ ಎನ್ನುವುದು ಅವಳ ದೂರು. ಚೀನಾದ ಮಹಾಕಾಲುವೆಯ ಮೇಲೆ ಹುಟ್ಟಿ, ಅದರ ಮೇಲೆಯೇ ಮದುವೆಯಾಗಿ, ಗಂಡ ಸತ್ತ ಮೇಲೆ ಶಾನ್‌ದೊಂಗಿನ ಕಲ್ಲಿದ್ದಲನ್ನು ಸುಝೌವರೆಗೆ ತಾನೇ ಚುಕ್ಕಾಣಿ ಹಿಡಿದು ಸಾಗಿಸಿದ ಹೆಂಗಸು. ಮೊಮ್ಮಗಳಿಗೆ ಶಾಲೆಯ ವಯಸ್ಸಾದಾಗ ದೋಣಿಯವರೆಲ್ಲ ಮಾಡುವುದನ್ನೇ ಆ ಮನೆಯವರೂ ಮಾಡಿದರು. ಅಜ್ಜಿಯನ್ನೂ ಮಗುವನ್ನೂ ದಡಕ್ಕಿಳಿಸಿ, ಹುವಾಯ್‌ಆನ್‌ನಲ್ಲಿ ಶಾಲೆಯ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದುಕೊಟ್ಟು, ತಾವು ಹೊರಟುಹೋದರು. ಈ ವರ್ಷ ಹುಡುಗಿ ನರ್ಸಿಂಗ್ ಓದಲು ನಾನ್‌ಜಿಂಗಿನ ಹಾಸ್ಟೆಲ್ ಸೇರಿದಳು. ಕೋಣೆಯನ್ನು ಬಿಟ್ಟುಕೊಟ್ಟರು.

ಮಗ ಲೈಚುನ್ ಫೋನಿನಲ್ಲಿ ಹೇಳಿದ್ದ: "ಬಂದ್ಬಿಡವ್ವ. ಆಳು ಬಿಟ್ಟುಹೋದ. ತೊಟ್ಟಿ ದಾಟಿದ್ಮೇಲೆ ಚುಕ್ಕಾಣಿ ನಿಂದೇ. ಹಗಲು ನೀನು, ರಾತ್ರಿ ನಾನು."

ಅವಳಿಗೆ ಬೇಕಾಗಿದ್ದುದು ಅಷ್ಟೇ. ಸೊಸೆಯ ಜೊತೆ ಏಗುವುದಾಗಲಿ, ಎಂಜಿನ್ನಿನ ಹೊಗೆಯಾಗಲಿ ಅವಳಿಗೆ ಒಂದು ಲೆಕ್ಕವಲ್ಲ.

ಕೆಳಮಟ್ಟದ ಕಾಲುವೆಗೆ ಇಳಿಸುವ ತೊಟ್ಟಿಯ ಮುಂದೆ ಸರದಿಗಾಗಿ ದೋಣಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ತನ್ನ ದೋಣಿ ಮುಟ್ಟಲು ಬೇರೆಯವರ ದೋಣಿಗಳ ಮೇಲೆಯೇ ನಡೆದು ಹೋಗಬೇಕು. ಪಕ್ಕದ ದೋಣಿಯ ಗೆಂಗ್ ಮುದುಕ ಸಿಗರೇಟು ಬಾಯಿಂದ ತೆಗೆಯದೆಯೇ ಕೇಳಿದ:

"ಏನಕ್ಕಾ, ದಡದ ಅನ್ನದ ಋಣ ತೀರ್ತಾ? ಹಲಗೆ ಮೇಲೆ ಕಾಲು ನಡುಗ್ತಾ ಇದೆಯಲ್ಲ!"

"ನಡುಗ್ತಿರೋದು ಕಾಲಲ್ಲಯ್ಯಾ, ನಿನ್ನ ಹಲಗೆ. ಹೆಂಡ್ತಿ ಥರ ಅದನ್ನೂ ರಿಪೇರಿ ಮಾಡ್ದೆ ಇಟ್ಕೊಂಡಿದೀಯ."

ಸುತ್ತಲಿನವರು ನಕ್ಕರು. ತಾವ್‌ಹುವಾ ತಲೆಯೆತ್ತಿಕೊಂಡೇ ಸ್ವಂತ ದೋಣಿಗೆ ಕಾಲಿಟ್ಟಳು. ಸೊಸೆ ಜೂಫೆಂಗ್ ಗಂಟುಮೂಟೆ ತೆಗೆದುಕೊಂಡು ಮುಂದೆ ನಡೆದಳು.

"ಅತ್ತೆ, ನಿಮ್ಮ ಹಾಸಿಗೆ ದೋಣಿ ಮೂತಿ ಕಡೆ ಕೋಣೇಲಿ."

"ಅಲ್ಲಿ ಬಣ್ಣದ ಡಬ್ಬಿ ಇಡ್ತಿದ್ವಲ್ಲೇ?"

"ಈಗ್ಲೂ ಇಡ್ತೀವಿ. ನೀವು ಸಣ್ಣಗಿದೀರ, ಹಿಡಿಸುತ್ತೆ."

ಜೂಫೆಂಗ್ ದೋಣಿಯವಳಲ್ಲ, ಗೋಧಿ ಬೆಳೆಯುವ ಹಳ್ಳಿಯಿಂದ ಬಂದವಳು. ಈಗ ಅವಳ ಅಂಗೈ ಹಗ್ಗದಷ್ಟೇ ಒರಟಾಗಿತ್ತು. ಅವಳು ಹೇಳಿದ ಮೇಲೆ ಲೈಚುನ್ ಎರಡನೇ ಮಾತು ಆಡುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಸರದಿ ಬಂತು. ಎರಡೂ ತುದಿಗೆ ಕಬ್ಬಿಣದ ಬಾಗಿಲಿರುವ ಆ ಕಾಂಕ್ರೀಟ್ ತೊಟ್ಟಿಯೊಳಗೆ ದೋಣಿಗಳನ್ನು ಒತ್ತೊತ್ತಾಗಿ ತುಂಬಿಸಿ, ನೀರು ಬಿಟ್ಟು, ಎಲ್ಲವನ್ನೂ ಒಟ್ಟಿಗೆ ಕೆಳಗಿನ ಕಾಲುವೆಯ ಮಟ್ಟಕ್ಕೆ ಇಳಿಸುತ್ತಾರೆ. ಇಳಿಯುವಾಗ ಮೂತಿಯ ಹಗ್ಗ ಹಿಡಿದವರದೇ ಜವಾಬ್ದಾರಿ. ಜೂಫೆಂಗ್ ಹಗ್ಗದ ಕುಣಿಕೆಯನ್ನು ಅತ್ತೆಯ ಕೈಗಿತ್ತಳು.

"ನೀವೇ ಹಿಡೀರಿ ಅತ್ತೆ. ನಿಮ್ಮ ಕೈಗೆ ನನ್ನ ಕೈ ಸಮ ಬರುತ್ತಾ?"

ತಾವ್‌ಹುವಾ ಹಿಗ್ಗಿದಳು. ಕುಣಿಕೆಯನ್ನು ಒಂದೇ ಎಸೆತಕ್ಕೆ ಗೋಡೆಯ ಸಂದಿನಲ್ಲಿದ್ದ ಗೂಟಕ್ಕೆ ಹಾಕಿದಳು. ಗೆಂಗ್ ಮುದುಕ ಕೂಡ ಭಲೇ ಎಂದ. ನೀರು ಇಳಿಯತೊಡಗಿತು.

ಹಿಂದೆಲ್ಲ ತೊಟ್ಟಿಯ ಗೋಡೆಯಲ್ಲಿ ಮೇಲಿಂದ ಕೆಳಗೆ ಕೊಕ್ಕೆಗಳ ಸಾಲು ಇರುತ್ತಿತ್ತು. ನೀರು ಇಳಿದಂತೆಲ್ಲ ಕುಣಿಕೆಯನ್ನು ಮೇಲಿನ ಕೊಕ್ಕೆಯಿಂದ ಬಿಡಿಸಿ ಕೆಳಗಿನದಕ್ಕೆ ಹಾಕಬೇಕು. ತಡವಾದರೆ ದೋಣಿಯೇ ಹಗ್ಗಕ್ಕೆ ನೇತುಬೀಳುತ್ತದೆ. ತಾವ್‌ಹುವಾ ಹುಡುಗಿಯಾಗಿದ್ದಾಗಲೇ ಕಲಿತ ಕೆಲಸ ಅದು. ಅವಳು ದಡದಲ್ಲಿದ್ದ ಕಾಲದಲ್ಲಿ ತೊಟ್ಟಿಯನ್ನು ಹೊಸದಾಗಿ ಕಟ್ಟಿದ್ದರು. ಈಗಿನ ಗೂಟ ನೀರಿನ ಜೊತೆ ತಾನೇ ತೇಲಿಕೊಂಡು ಇಳಿಯುತ್ತದೆ. ಅದಕ್ಕೆ ಒಮ್ಮೆ ಕಟ್ಟಿದರೆ ಆಯಿತು, ಮುಟ್ಟಬಾರದು.

ಒದ್ದೆ ಗೋಡೆ ಮೇಲೇರುವುದನ್ನು ನೋಡುತ್ತಲೇ ಅವಳ ಕೈ ತಾನಾಗಿ ಕುಣಿಕೆಯತ್ತ ಹೋಯಿತು. ಜೂಫೆಂಗ್ ಕೈಕಟ್ಟಿ ಪಕ್ಕದಲ್ಲೇ ನಿಂತಿದ್ದಳು. ಆ ಕೈ ಹೋಗುವುದನ್ನು ಅವಳು ನೋಡಿದಳು. ಬಾಯಿ ಬಿಡಲಿಲ್ಲ.

ತಾವ್‌ಹುವಾ ಹಗ್ಗ ಬಿಡಿಸಿ ಕೆಳಗಿನ ಕೊಕ್ಕೆಗಾಗಿ ನೋಡಿದಳು. ನುಣುಪು ಗೋಡೆ ಬಿಟ್ಟು ಏನೂ ಇರಲಿಲ್ಲ; ಬಿಟ್ಟ ಗೂಟ ನೀರಿನ ಜೊತೆ ಇಳಿಯುತ್ತಲೇ ಇತ್ತು. ಅಷ್ಟರಲ್ಲಿ ಮರಳು ತುಂಬಿದ್ದ ಅವರ ದೋಣಿ ಮೂತಿ ತಿರುಗಿಸಿ ಗೆಂಗ್ ಮುದುಕನ ದೋಣಿಗೆ ಒರಗಿತು. ಅವನ ಕಟಕಟೆ ಬಾಗಿತು, ಹೆಂಡತಿ ಬೆಳೆಸಿದ್ದ ಈರುಳ್ಳಿ ಸೊಪ್ಪಿನ ಕುಂಡಗಳು ಒಂದೊಂದಾಗಿ ನೀರಿಗೆ ಬಿದ್ದವು. ಮೇಲಿನಿಂದ ಧ್ವನಿವರ್ಧಕ ಅರಚಿತು: "ಹಗ್ಗ ಬಿಟ್ಟ ಕತ್ತೆ ಯಾವುದು?"

ಜೂಫೆಂಗ್ ಅವಸರವಿಲ್ಲದೆ ಇನ್ನೊಂದು ಹಗ್ಗ ಎಸೆದು, ದೋಣಿ ಎಳೆದು ಕಟ್ಟಿದಳು.

"ನಮ್ಮತ್ತೆ!" ಎಂದು ಮೇಲಕ್ಕೆ ಕೂಗಿ ಹೇಳಿದಳು. "ಪಾಪ, ವಯಸ್ಸಾಗಿದೆ."

ತೊಟ್ಟಿಯ ಆ ತುದಿಯಿಂದ ಈ ತುದಿಯವರೆಗೆ ನಗು ಎದ್ದಿತು.

"ಗೂಟ ತೇಲುತ್ತೆ ಅಂತ ಒಂದ್ಮಾತು ಹೇಳಕ್ಕಾಗ್ಲಿಲ್ವೇನೇ ನಿಂಗೆ?" ತಾವ್‌ಹುವಾ ಸೊಸೆಯತ್ತ ತಿರುಗಿದಳು.

"ನೀವು ನಂಗೆ ಯಾವುದನ್ನ ಹೇಳಿಕೊಟ್ಟಿದ್ರಿ ಅತ್ತೆ?"

ಜೂಫೆಂಗ್ ಒಳಗೆ ಹೋಗಿ ನೀಲಿ ನೈಲಾನ್ ಹಗ್ಗ ತಂದಳು. ಕಾಲುವೆಯಲ್ಲಿ ನಡೆಯಲು ಕಲಿಯುವ ಕೂಸುಗಳ ನಡುವಿಗೆ ಹಗ್ಗ ಬಿಗಿದು ದೋಣಿಗೆ ಕಟ್ಟುವುದು ವಾಡಿಕೆ. ದೊಡ್ಡವರಿಗೆ ಕಟ್ಟುವುದಿಲ್ಲ. ಒಬ್ಬಳಿಗೆ ಮಾತ್ರ ಕಟ್ಟಿದ್ದರು. ಹೊಸ ಮದುವಣಗಿತ್ತಿ ಜೂಫೆಂಗ್ ವಾಂತಿ ಮಾಡುತ್ತಾ ಜಾರಿ ನೀರಿಗೆ ಬಿದ್ದಾಗ, ತಾವ್‌ಹುವಾ ಅವಳನ್ನು ಎತ್ತಿಸಿ, ಒಂದು ವಸಂತಕಾಲ ಪೂರ್ತಿ ಹಾಗೆ ಕಟ್ಟಿಟ್ಟಿದ್ದಳು. ಹಾದುಹೋಗುವ ದೋಣಿಯವರು "ಕೂಸಿಗೆ ಹಲ್ಲು ಬಂತಾ?" ಎಂದು ಕೇಳುತ್ತಿದ್ದರು. "ಬಂದಿದೆ, ಊಟಕ್ಕೆ ಮಾತ್ರ" ಎನ್ನುತ್ತಿದ್ದವಳು ತಾವ್‌ಹುವಾ. ಸೊಸೆ ಮುಳುಗದೆ ಉಳಿದದ್ದು ತನ್ನಿಂದ ಎಂದೇ ಅವಳು ಈವರೆಗೆ ನಂಬಿದ್ದಳು.

ಹಗ್ಗದ ತುದಿಯನ್ನು ಬೆಂಕಿಗೆ ಹಿಡಿದು ಗಟ್ಟಿ ಮಾಡಲಾಗಿತ್ತು. ಕರಗಿದ ಆ ಜಾಗದ ಮೇಲೆ ಆಗಲೇ ಧೂಳು ಕೂತಿತ್ತು. ಇದು ಇವತ್ತು ಕತ್ತರಿಸಿದ ಹಗ್ಗವಲ್ಲ, ಮೊದಲೇ ಸಿದ್ಧಮಾಡಿಟ್ಟದ್ದು ಎಂದು ತಾವ್‌ಹುವಾಗೆ ಗೊತ್ತಾಯಿತು.

"ಲೈಚುನ್," ಅವಳು ಮಗನನ್ನು ಕರೆದಳು. "ನೋಡೋ."

ಲೈಚುನ್ ಬಂದ. ಹೆಂಡತಿಯನ್ನು ನೋಡಿದ, ಬಾಗಿದ ಕಟಕಟೆ ನೋಡಿದ, ತಾಯಿಯನ್ನು ಮಾತ್ರ ನೋಡಲಿಲ್ಲ. ಹಗ್ಗ ಕೈಗೆ ತೆಗೆದುಕೊಂಡು ಅವಳ ನಡುವಿಗೆ ಸುತ್ತಿ, ಬೆನ್ನಿನ ಹಿಂದೆ ತಾನೇ ಗಂಟು ಹಾಕಿದ. "ಸ್ವಲ್ಪ ದಿನ ಅವ್ವ. ಬಿದ್ದುಗಿದ್ದೀಯ."

"ಚುಕ್ಕಾಣಿ?"

"ನೋಡೋಣ."

ಜೂಫೆಂಗ್ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: "ಬಿಚ್ಚಿಕೊಂಡ್ರೆ ಮುಂದಿನ ಊರಲ್ಲಿ ಇಳೀಬೇಕಾಗುತ್ತೆ. ಕೋಣೆ ಬಿಟ್ಟಾಗಿದೆ, ನೆನಪಿರ್ಲಿ."

ಕೆಳಗಿನ ಬಾಗಿಲು ತೆರೆದು ದೋಣಿಗಳು ಹೊರಬಿದ್ದವು. ಗೆಂಗ್ ಮುದುಕ ಮುಂದೆ ಹೋಗುತ್ತಾ ಕೂಗಿದ: "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಕ್ಕಾ! ಸೊಪ್ಪಿನ ಕುಂಡ ಮಾತ್ರ ಮರೀಬೇಡ!"

ಸಂಜೆ ಅವಳಿಗೆ ಅಡುಗೆ ಕೊಟ್ಟರು. ಬಾಣಲೆಯಲ್ಲಿ ಸಣ್ಣ ಮೀನಿನ ಸಾರು ಕುದಿಯಲಿಟ್ಟು, ಬದಿಗಳಿಗೆ ಜೋಳದ ರೊಟ್ಟಿ ತಟ್ಟಿ ಅಂಟಿಸಿದಳು. ಹಗ್ಗ ಒಲೆಯವರೆಗೆ ಸಲೀಸಾಗಿ ಬಂತು, ಕಕ್ಕಸಿಗೂ ಬಂತು. ಯಾರೂ ನೋಡದಿದ್ದಾಗ ಅವಳು ಹಿಂಬದಿಗೆ ನಡೆದಳು. ಚುಕ್ಕಾಣಿ ಕೋಣೆಯ ಬಾಗಿಲಿಗೆ ಒಂದು ಮೊಳ ಇರುವಾಗ ಹಗ್ಗ ನಡುವನ್ನು ಜಗ್ಗಿತು. ಗಾಜಿನಾಚೆ ಚಕ್ರದ ಮೇಲೆ ಜೂಫೆಂಗಳ ಕೈ ಕಾಣುತ್ತಿತ್ತು.

ಅವಳು ತಿರುಗಿ ನೋಡದೆಯೇ ಹೇಳಿದಳು: "ರೊಟ್ಟಿ ಸೀಯ್ತಾ ಇದೆ ಅತ್ತೆ."

ತಾವ್‌ಹುವಾ ಹಗ್ಗವನ್ನು ಸುತ್ತಿಕೊಳ್ಳುತ್ತಾ ಒಲೆಯ ಕಡೆ ಹೋದಳು.